ಬೆಳಕಿನ ಯಂತ್ರವೂ ಮುಖದ ಕೂದಲೂ

ನಮ್ಮ ತಮ್ಮನ ಮಗಳು ಕಳೆದ ವರ್ಷ ಅಂಗೈಯಗಲದ ಯಂತ್ರವೊಂದನ್ನು ತರಿಸಿದಳು. ಹೆಸರೇನೆಂದು ಕೇಳಿದರೆ ‘ಐಪಿಎಲ್’ ಎಂದಳು. ನಾವು ಕ್ರಿಕೆಟ್ಟಿನ ಸಂಗತಿಯೆಂದೇ ಭಾವಿಸಿ ಸುಮ್ಮನಾದೆವು. ಮೇಲ್ದುಟಿ ಗದ್ದಗಳ ಮೇಲೆ ಮೂಡುವ ಕೂದಲನ್ನು ಬೆಳಕಿನಿಂದ ಕುಂದಿಸುವ ಸಾಧನ ಅದೆಂಬುದು ನಮಗೆ ತಿಳಿದುದು, ಅವಳ ಗದ್ದದಲ್ಲಿ ಎರಡು ಚೌಕಾಕಾರದ ಕಪ್ಪು ಕಲೆಗಳು ಕಾಣಿಸಿಕೊಂಡ ಮೇಲೆ. ಅದಕ್ಕೆ ಹಿಂದಿನ ಯುಗಾದಿಯ ಪಂಕ್ತಿಯಲ್ಲಿ “ಏನಮ್ಮ, ನಿನಗೂ ಮೀಸೆ ಬಂದಿತೇ?” ಎಂದು ನಗೆಗಾಗಿ ಕೇಳಿದ್ದವರು ನಾವೇ.

ಯಂತ್ರದ ತತ್ತ್ವವು ಕಠಿನವಾದುದಲ್ಲ. ಬಿಸಿಲಿನಲ್ಲಿ ಕರಿಯ ಕಂಬಳಿಯು ಬಿಳಿಯ ಪಂಚೆಗಿಂತ ಬೇಗನೆ ಕಾಯುವುದಷ್ಟೆ. ಹಾಗೆಯೇ ಕ್ಷಣಮಾತ್ರ ಹೊಳೆಯುವ ದೀಪದ ಬೆಳಕನ್ನು ಕೂದಲಿನಲ್ಲಿರುವ ಮೆಲನಿನ್ ಎಂಬ ಕಪ್ಪು ದ್ರವ್ಯವು ಹೀರಿ ಕಾಯುತ್ತದೆ. ಆ ಶಾಖವು ಬುಡಕ್ಕಿಳಿದು ರೋಮಕೂಪವನ್ನು ದುರ್ಬಲಗೊಳಿಸುತ್ತದೆ. ಬೆಳಕಿನ ಬಣ್ಣವನ್ನೂ ಕಾಲಾವಧಿಯನ್ನೂ ತಕ್ಕಂತೆ ಆರಿಸಿದರೆ ಸುತ್ತಲಿನ ಚರ್ಮವನ್ನು ಸುಡದೆ ಬೇಕಾದುದನ್ನು ಮಾತ್ರ ಕಾಯಿಸಬಹುದೆಂಬ ಸಿದ್ಧಾಂತವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು 1983ರಲ್ಲಿ ಪ್ರಕಟಿಸಿದರು.

ತೊಡಕಿರುವುದು ಇಲ್ಲಿಯೇ. ಮೆಲನಿನ್ ಕೂದಲಿನಲ್ಲಿರುವಂತೆ ಚರ್ಮದಲ್ಲಿಯೂ ಇದೆ. ಬಿಳಿಯ ಚರ್ಮದ ಮೇಲಣ ಕಪ್ಪು ಕೂದಲನ್ನು ಈ ಬೆಳಕು ಸುಲಭವಾಗಿ ಹುಡುಕಿಕೊಳ್ಳುತ್ತದೆ. ಎಣ್ಣೆಗೆಂಪಿನ, ಕಪ್ಪಿನ ಮೈಬಣ್ಣದವರಲ್ಲಿ ಅದು ಚರ್ಮಕ್ಕೂ ತಗಲುತ್ತದೆ. ಅದಕ್ಕಾಗಿಯೇ ಯಂತ್ರದೊಡನೆ ಮೈಬಣ್ಣಗಳ ಪಟ್ಟಿಯೊಂದನ್ನು ಕೊಡುವುದುಂಟು. ನಮ್ಮ ಹುಡುಗಿ ಅದನ್ನು ನೋಡಿದ್ದಳು. ಆದರೆ ಮದುವೆಯ ದಿನ ಹತ್ತಿರವಾಯಿತೆಂದು ಅತ್ಯಧಿಕ ಶಕ್ತಿಯಲ್ಲಿಟ್ಟು ಒಂದೇ ಸ್ಥಳಕ್ಕೆ ಮೇಲಿಂದ ಮೇಲೆ ಬೆಳಕು ಕೊಟ್ಟಳು. ಆತುರಕ್ಕೆ ಇದರಲ್ಲಿ ಫಲವಿಲ್ಲ: ಬೆಳೆಯುತ್ತಿರುವ ಹಂತದ ಕೂದಲಿಗೆ ಮಾತ್ರ ಬೆಳಕು ನಾಟುವುದರಿಂದ ವಾರಗಳ ಅಂತರವಿಟ್ಟು ತಿಂಗಳುಗಟ್ಟಲೆ ನಡೆಸಬೇಕು. ಆಗಲೂ ಕೂದಲು ಕಡಿಮೆಯಾಗುತ್ತದೆಯೇ ಹೊರತು ನಿರ್ಮೂಲವಾಗುವುದಿಲ್ಲ.

ಚರ್ಮವೈದ್ಯರು ಕಲೆಗಳಿಗಿಂತ ಹೆಚ್ಚಾಗಿ ಕೂದಲನ್ನು ಕುರಿತೇ ವಿಚಾರಿಸಿದರು. ಮುಟ್ಟು ಕ್ರಮವಾಗಿದೆಯೇ ಎಂದು ಕೇಳಿ ರಕ್ತಪರೀಕ್ಷೆ ಮಾಡಿಸಿದರು. ಅವಳಿಗೆ ಪಿಸಿಒಎಸ್ ಇದ್ದುದು ಹೀಗೆ ಗೊತ್ತಾಯಿತು. ಈ ತೊಂದರೆಯಲ್ಲಿ ಪುರುಷರಲ್ಲಿ ಅಧಿಕವಾಗಿರುವ ಹಾರ್ಮೋನುಗಳು ಸ್ತ್ರೀಯ ದೇಹದಲ್ಲಿ ಹೆಚ್ಚುತ್ತವೆ. ಒಳಗಿನ ಕಾರಣವು ಹಾಗೆಯೇ ಉಳಿದರೆ ಹೊರಗಿನ ಕೂದಲು ಮರಳಿ ಬರುತ್ತದೆ. ಅಷ್ಟೇ ಅಲ್ಲ, ಇಂಥವರ ಮುಖಕ್ಕೆ ಬೆಳಕು ಕೊಟ್ಟಾಗ ಕೂದಲು ತಗ್ಗುವ ಬದಲು ಹೆಚ್ಚಿದ ಉದಾಹರಣೆಗಳೂ ಉಂಟೆಂದು ವೈದ್ಯರು ಹೇಳಿದರು.

ಯಂತ್ರವು ತಮ್ಮ ಮೈಬಣ್ಣಕ್ಕೆ ಸಲ್ಲುವುದಾದರೆ, ಮೊದಲು ಒಂದು ಚಿಕ್ಕ ಸ್ಥಳದಲ್ಲಿ ಕಡಿಮೆ ಶಕ್ತಿಯಿಂದ ಪರೀಕ್ಷಿಸಿ ಒಂದು ದಿನವಾದರೂ ಕಾಯಬೇಕು. ಮುಂಚಿತವಾಗಿ ಕೂದಲನ್ನು ಬೋಳಿಸಬೇಕು, ಕೀಳಬಾರದು. ಬುಡದ ಕೂದಲೇ ಹೋದರೆ ಶಾಖವನ್ನು ಒಯ್ಯುವುದು ಯಾವುದು? ಬೋಳಿಸಿದರೆ ಕೂದಲು ದಪ್ಪವಾಗುವುದೆಂಬುದು ಬರಿಯ ನಂಬಿಕೆ. ಕಣ್ಣಿನ ಸುತ್ತ, ಮಚ್ಚೆ ಹಚ್ಚೆಗಳ ಮೇಲೆ ಬೆಳಕು ಬೀಳಕೂಡದು. ಗರ್ಭಿಣಿಯರು ಇದರ ಗೊಡವೆಗೆ ಹೋಗದಿರುವುದು ಲೇಸು. ನಮ್ಮ ಮನೆಯವರ ಗದ್ದದಲ್ಲಿರುವ ನಾಲ್ಕು ನರೆಗೂದಲಿಗೆ ಇದು ನಿರುಪಯೋಗಿ. ಕಪ್ಪೇ ಇಲ್ಲದಲ್ಲಿ ಬೆಳಕಿಗೆ ಹಿಡಿತವಿಲ್ಲ. ಅಂಥ ಕೂದಲಿಗೆ ಸೂಜಿಯ ಮೂಲಕ ವಿದ್ಯುತ್ತನ್ನು ಹಾಯಿಸುವ ಹಳೆಯ ಕ್ರಮವೇ ಸಲ್ಲುತ್ತದೆ.

ಕಲೆಗಳು ಮಾಸಲು ಏಳು ತಿಂಗಳು ಹಿಡಿಯಿತು. ಮದುವೆ ನಿಶ್ಚಯವಾದ ದಿನವೇ ನಡೆಯಿತು. ಭಾವಚಿತ್ರಗಳಲ್ಲಿ ಅವಳು ಗದ್ದವನ್ನು ತಗ್ಗಿಸಿಕೊಂಡೇ ಇದ್ದಾಳೆ. ಈ ಯುಗಾದಿಗೆ ಗಂಡನೊಡನೆ ಬಂದು ಪಂಕ್ತಿಯಲ್ಲಿ ನಮ್ಮ ಎದುರಿಗೇ ಕುಳಿತಳು. “ದೊಡ್ಡಪ್ಪ, ಈ ಸಲ ಏನೂ ಹೇಳಲಿಲ್ಲವಲ್ಲ?” ಎಂದಳು. ನಾವು ಅವಳ ಎಲೆಗೆ ಇನ್ನೊಂದು ಹೋಳಿಗೆ ಬಡಿಸಲು ಹೇಳಿದೆವು.