ತಲೆನೋವಿನ ಜೊತೆ ಕಣ್ಣೂ ಮಂಜಾದರೆ

ಪೆನ್ನಿನ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ಹಿಡಿದು ‘ಎರಡಕ್ಕೂ ಒಂದೇ ಕೆಂಪಾ?’ ಎಂದು ಕೇಳುವುದು ನರರೋಗ ವೈದ್ಯರ ಹಳೆಯ ಪದ್ಧತಿ. ಒಂದು ಕಣ್ಣಿಗೆ ಅದು ಮಾಸಿದ ಇಟ್ಟಿಗೆ ಬಣ್ಣವಾಗಿ ಕಂಡರೆ ಅವರ ಅನುಮಾನ ಕಣ್ಣಿನ ನರದ ಕಡೆ ಹೊರಳುತ್ತದೆ.

ಅನುಮಾನ ಖಚಿತವಾಗಲು ಕಾಲ ಹಿಡಿಯಿತು. 1851ರಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣೊಳಗಿನ ನರದ ತುದಿ ನೋಡುವ ಉಪಕರಣ ಮಾಡಿದ. 1891ರಲ್ಲಿ ವೈದ್ಯ ಕ್ವಿಂಕೆ ಸೂಜಿ ಹಾಕಿ ಬೆನ್ನಿನ ನೀರು ತೆಗೆದ. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಬರುವ ಉರಿಯೂತವನ್ನು 1894ರಲ್ಲಿ ವೈದ್ಯ ಡೆವಿಕ್ ವಿವರಿಸಿದರೂ, ಅದನ್ನು ಬಹುಕಾಲ ಇನ್ನೊಂದು ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಲೆಕ್ಕಕ್ಕೇ ಸೇರಿಸಿದರು. ಬೇರೆ ರೋಗವೆಂದು ತೋರಿಸಿದ್ದು 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ರಕ್ತದಲ್ಲಿ ಹಿಡಿದ ಪ್ರತಿಕಾಯ. ಇದು ಬರೀ ಹೆಸರಿನ ಜಗಳವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಕೆಲವು ಔಷಧಗಳು ಡೆವಿಕ್ ವಿವರಿಸಿದ ರೋಗವನ್ನು ಉಲ್ಬಣಗೊಳಿಸಬಹುದು. ನಮ್ಮಲ್ಲಿ ಮಂಗಳೂರಿನ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ರೋಗಿಗಳ ದಾಖಲೆ ಕಟ್ಟಿ, ಪ್ರತಿಕಾಯದ ಪರೀಕ್ಷೆಯನ್ನು ಅಲ್ಲೇ ಸಾಧ್ಯವಾಗಿಸಿತು.

ತಲೆನೋವಿನ ಜೊತೆ ಕಣ್ಣನ್ನೂ ಮಂಜಾಗಿಸಬಲ್ಲ ಇನ್ನೊಂದು ಕಾಯಿಲೆ, ಮಿದುಳಿನ ಹೊರಪೊರೆಯ ಉರಿಯೂತ. ಅದಕ್ಕೆ ಇಂಥ ಒಂದೇ ಪರೀಕ್ಷೆ ಇಲ್ಲ. ಬಣ್ಣದ ಔಷಧ ಕೊಟ್ಟು ಎಂ.ಆರ್.ಐ. ತೆಗೆದರೆ ದಪ್ಪಗಾದ ಪೊರೆ ಬೆಳ್ಳಗೆ ಹೊಳೆಯುತ್ತದೆ. ಅದು ಕ್ಷಯವೋ, ಗಡ್ಡೆಯೋ, ದೇಹವೇ ತನ್ನ ಮೇಲೆ ತಿರುಗಿಬಿದ್ದದ್ದೋ ತಿಳಿಯಲು ಕೆಲವೊಮ್ಮೆ ಪೊರೆಯ ಚೂರನ್ನೇ ಕತ್ತರಿಸಿ ನೋಡಬೇಕು. ನಮ್ಮ ಊರುಗಳಲ್ಲಿ ಮೊದಲು ನೆನಪಾಗಬೇಕಾದದ್ದು ಕ್ಷಯವೇ. ತಪಾಸಣೆಗೆ ಮುಂಚೆ ಯಾರೋ ಸ್ಟೀರಾಯ್ಡ್ ಕೊಟ್ಟರೆ ನೋವು ತಗ್ಗುತ್ತದೆ, ಕುರುಹೂ ಅಳಿಸಿಹೋಗುತ್ತದೆ. ರೋಗಕ್ಕಿಂತ ಇದೇ ದೊಡ್ಡ ಶತ್ರು ಎಂದು ನನಗೆ ಅನಿಸುವುದುಂಟು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲಿನವರಿಗೆ ನರದ ಕಾಯಿಲೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ದಾರಿಯೇ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿಕೊಂಡ ಮೂರು ಕಡೆಗಳಲ್ಲಿ ಕೋಲಾರವೂ ಒಂದು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಗುರುತಿಸಲು ಸ್ಥಳೀಯ ವೈದ್ಯರಿಗೆ ತರಬೇತಿ ಕೊಟ್ಟರು. ಅಪರೂಪದ ಉರಿಯೂತ ಅದರ ಪಟ್ಟಿಯಲ್ಲಿ ಮುಖ್ಯವಲ್ಲ. ಆದರೆ ಅದು ಬಾಗಿಲಿಗೆ ಬರುವುದು ಬರೀ ತಲೆನೋವಿನ ವೇಷದಲ್ಲಿ. ಹಾಗಾಗಿ ಯಂತ್ರಕ್ಕಿಂತ ಆ ಮೊದಲ ವೈದ್ಯರ ಅನುಮಾನಕ್ಕೇ ಬೆಲೆ ಹೆಚ್ಚು.

ವಾರಗಟ್ಟಲೆ ಬಿಡದ ತಲೆನೋವಿನ ಜೊತೆ ಒಂದು ಕಣ್ಣು ಮಂಜಾದರೆ, ಕಣ್ಣು ಹೊರಳಿಸಿದಾಗ ನೋವಾದರೆ, ಮಾಲೂರಿನವರಾಗಲಿ ಮುಳಬಾಗಿಲಿನವರಾಗಲಿ ಕನ್ನಡಕದ ಅಂಗಡಿಗೆ ಹೋಗಿ ಸುಮ್ಮನಾಗಬೇಡಿ. ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ. ಅದುವರೆಗೆ ನುಂಗಿದ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಅದರಲ್ಲಿ ಸ್ಟೀರಾಯ್ಡ್ ಇತ್ತೇ ಎಂಬುದು ವೈದ್ಯರಿಗೆ ಮೊದಲೇ ಗೊತ್ತಾಗಬೇಕು.