ಉತ್ತರ ಎಷ್ಟು ಅಂತ ಅಲ್ಲ, ಮಾಹಿತಿ ಸಾಕೇನು ಅಂತ ಕೇಳ್ತಾರ

ಬಾಗಲಕೋಟೆ ನವನಗರದಾಗ ಓದ್ಲಿಕ್ಕೆ ಕೂತವರಿಗೂ, ಹುನಗುಂದ–ಇಳಕಲ್ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಡೇಟಾ ಸಫಿಷಿಯನ್ಸಿ, ಅದರಾಗೂ ಶೇಕಡಾ ಮತ್ತು ಅನುಪಾತದ ಪ್ರಶ್ನೆಗಳು.

2019ರ ಜುಲೈನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದು ಅಂತ ಘೋಷಿಸಿದರು. ಭಾಷೆಯ ಅಡ್ಡಿ ಕಡಿಮೆಯಾಯಿತು. ಆದರೆ ಈ ಬಗೆಯ ಪ್ರಶ್ನೆ ಕನ್ನಡದಲ್ಲಿ ಓದಿದರೂ ತಲೆ ಕೆಡಿಸುತ್ತೆ. ಬ್ಯಾಂಕ್ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತೆ, ಯುಪಿಎಸ್‌ಸಿಯ ಸಿಸ್ಯಾಟ್‌ನಲ್ಲಿ ಮೂರನೇ ಒಂದು ಭಾಗ. ಅಂದಾಜಿಗೆ ಟಿಕ್ ಮಾಡಿದರೆ ಗಳಿಸಿದ್ದೂ ಕರಗುತ್ತೆ.

ನಮ್ಮಂಥ ಕಾಮರ್ಸ್‌ನವರಿಗೆ ಲೆಕ್ಕ ಕೊನೇ ಪೈಸೆವರೆಗೂ ಟ್ಯಾಲಿ ಆಗಬೇಕು. ಇಲ್ಲಿ ಆ ರೂಢಿಯೇ ಟೈಮ್ ತಿನ್ನುತ್ತೆ. ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಮೊದಲನೆಯದೊಂದೇ ಸಾಕಾ? ಎರಡನೆಯದೊಂದೇ ಸಾಕಾ? ಯಾವುದಾದರೂ ಒಂದು ಸಾಕಾ? ಎರಡೂ ಸೇರಿದರೆ ಸಾಕಾ? ಸೇರಿದರೂ ಸಾಲದಾ? ಇಷ್ಟೇ ಹೇಳಬೇಕು.

ಇಳಕಲ್ ಸೀರೆ ಅಂಗಡಿಯಿಂದ ಶುರು ಮಾಡೋಣ. ಅಂಕಿಗಳೆಲ್ಲ ಉದಾಹರಣೆಗೆ ನಾನೇ ಇಟ್ಟುಕೊಂಡವು. ಅಂಗಡಿಯಲ್ಲಿ ಇರೋದು ಹತ್ತಿ ಸೀರೆ, ರೇಷ್ಮೆ ಸೀರೆ, ಎರಡೇ ಬಗೆ. ಪ್ರಶ್ನೆ: ರೇಷ್ಮೆ ಸೀರೆ ಎಷ್ಟಿವೆ? ಹೇಳಿಕೆ 1: ಹತ್ತಿ ಮತ್ತು ರೇಷ್ಮೆ ಸೀರೆಗಳ ಅನುಪಾತ 5:3. ಹೇಳಿಕೆ 2: ಹತ್ತಿ ಸೀರೆ ರೇಷ್ಮೆಗಿಂತ 40 ಹೆಚ್ಚು.

ಒಂದನ್ನ ನೋಡುವಾಗ ಇನ್ನೊಂದನ್ನ ಮನಸ್ಸಿನಲ್ಲೇ ಮುಚ್ಚಿಡ್ರಿ. 5:3 ಅಂದರೆ 5 ಮತ್ತು 3 ಇರಬಹುದು, 500 ಮತ್ತು 300 ಕೂಡ ಇರಬಹುದು. ಸಾಲದು. 40 ಹೆಚ್ಚು ಅನ್ನೋದೊಂದೇ ಗೊತ್ತಿದ್ದರೂ ಸಾಲದು. ಎರಡನ್ನೂ ಸೇರಿಸಿದರೆ, 5ಕ್ಕೂ 3ಕ್ಕೂ ನಡುವಿನ 2 ಪಾಲು ಅಂದರೆ 40. ಅಲ್ಲಿಗೆ ಸಾಕು, ಪೆನ್ನು ಕೆಳಗಿಡ್ರಿ. ಒಂದು ಪಾಲು 20, ರೇಷ್ಮೆ 60 ಅಂತ ಬರೆಯೋದೂ ಬೇಕಿಲ್ಲ.

ಈಗ ಹೇಳಿಕೆ 2 ಬದಲಾಯಿಸೋಣ: ಒಟ್ಟು ಸೀರೆಗಳಲ್ಲಿ ರೇಷ್ಮೆ ಶೇ. 37.5. ಅನುಪಾತವೂ ಇದೆ, ಶೇಕಡಾನೂ ಇದೆ, ಸೇರಿಸಿದರೆ ಆಯ್ತು ಅಂತ ಬಹಳ ಜನ ಟಿಕ್ ಮಾಡ್ತಾರೆ. ಆದರೆ 8ರಲ್ಲಿ 3 ಪಾಲು ಅಂದರೇ ಶೇ. 37.5! ಎರಡೂ ಒಂದೇ ಮಾತು. ಅನುಪಾತ, ಶೇಕಡಾ ಎರಡೂ ಪಾಲು ಹೇಳ್ತಾವ, ಎಣಿಕೆ ಹೇಳೋದಿಲ್ಲ. ಎಣಿಕೆ ಬೇಕಂದ್ರ ಎಲ್ಲೋ ಒಂದು ಕಡೆ ನಿಜವಾದ ಸಂಖ್ಯೆ ಸಿಗಲೇಬೇಕು. ಇಲ್ಲಿ ಅದಿಲ್ಲ, ಹಾಗಾಗಿ ಎರಡೂ ಸೇರಿದರೂ ಸಾಲದು.

ಹಾಗಂತ ಯಾವಾಗಲೂ ಸಂಖ್ಯೆ ಬೇಕೇಬೇಕು ಅಂತಲ್ಲ. ಹುನಗುಂದದಲ್ಲಿ ಕಡಲೆ ದರ ಮೊದಲು ಶೇ. 25 ಏರಿತು, ಇದು ಹೇಳಿಕೆ 1. ಆಮೇಲೆ ಶೇ. 20 ಇಳಿಯಿತು, ಇದು ಹೇಳಿಕೆ 2. ಮೊದಲಿನ ದರಕ್ಕೂ ಈಗಿನದಕ್ಕೂ ಶೇಕಡಾ ಎಷ್ಟು ವ್ಯತ್ಯಾಸ? ಒಂದು ರೂಪಾಯಿ ಲೆಕ್ಕವೂ ಕೊಟ್ಟಿಲ್ಲ, ಆದರೂ ಎರಡೂ ಸೇರಿದರೆ ಸಾಕು. 100 ಇದ್ದದ್ದು 125 ಆಗಿ, ಮತ್ತೆ 100ಕ್ಕೇ ಬಂತು. ಕೇಳಿದ್ದು ಶೇಕಡಾ, ಕೊಟ್ಟಿದ್ದೂ ಶೇಕಡಾ.

ಮೂರನೆಯದು ಬಾದಾಮಿ. ಗುಹೆ ನೋಡಲು ಬಂದ ವಿದೇಶಿಯರು ಹೋದ ವರ್ಷಕ್ಕಿಂತ ಶೇ. 20 ಹೆಚ್ಚು, ದೇಶದೊಳಗಿನವರು ಶೇ. 10 ಹೆಚ್ಚು. ಒಟ್ಟು ಏರಿಕೆ ಶೇಕಡಾ ಎಷ್ಟು? 15 ಅನ್ನಬೇಡ್ರಿ. 10 ಮತ್ತು 20ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹೋದ ವರ್ಷ ದೇಶದವರು 4, ವಿದೇಶಿಯರು 1 ಅನ್ನೋ ಅನುಪಾತ ಕೊಟ್ಟಿದ್ದರೆ ಶೇ. 12 ಅಂತ ಹೇಳಬಹುದಿತ್ತು. ಕೊಟ್ಟಿಲ್ಲ, ಹಾಗಾಗಿ ಸಾಲದು. ಅದೇ, ಏರಿಕೆ ಶೇ. 8ಕ್ಕಿಂತ ಹೆಚ್ಚೇ ಅಂತ ಕೇಳಿದ್ದರೆ? ಎರಡೂ ಗುಂಪು ಕನಿಷ್ಠ 10 ಏರಿವೆ, ಹೌದು ಅಂತ ಖಚಿತವಾಗಿ ಹೇಳಬಹುದು. ಅದೇ ಮಾಹಿತಿ ಆಗ ಸಾಕು!

ಅದಕ್ಕೇ ಹೇಳಿಕೆಗೆ ಹೋಗೋ ಮೊದಲು ಪ್ರಶ್ನೆಯನ್ನ ಎರಡು ಸಲ ಓದ್ರಿ: ಕೇಳಿದ್ದು ಎಣಿಕೆಯೋ, ಪಾಲೋ, ಬರೀ ಹೌದು-ಇಲ್ಲವೋ? ಆಮೇಲೆ, ಶೇಕಡಾ ಅಂದರೆ ಯಾವುದರ ಶೇಕಡಾ ಅಂತ ನೋಡ್ರಿ. ಕೊನೆಗೆ, ಎರಡು ಹೇಳಿಕೆ ಒಂದೇ ಮಾತನ್ನ ಬೇರೆ ಅಂಗಿ ತೊಡಿಸಿ ಹೇಳ್ತಿಲ್ಲ ತಾನೇ? ಎ, ಬಿ, ಸಿ ಆಯ್ಕೆಗಳ ಕ್ರಮ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತೆ, ಬಾಯಿಪಾಠ ಮಾಡಬೇಡ್ರಿ.

ಮನೆಗೆಲಸಕ್ಕೆ ಒಂದು. ಸೀರೆಯ ಮೂಲ ಬೆಲೆ ಎಷ್ಟು? ಹೇಳಿಕೆ 1: ಮೊದಲು ಶೇ. 20, ಉಳಿದದ್ದರ ಮೇಲೆ ಶೇ. 10 ರಿಯಾಯಿತಿ. ಹೇಳಿಕೆ 2: ಗಿರಾಕಿಗೆ ಒಟ್ಟು ಶೇ. 28 ಉಳಿಯಿತು. 100 ರೂಪಾಯಿ ಸೀರೆ ಅಂತ ಇಟ್ಟುಕೊಂಡು ನೋಡ್ರಿ, ಉತ್ತರ ಮುಂದಿನ ಕಂತಿನಲ್ಲಿ. ಬರ್ಲಾ?