ಸುತ್ತಿಗೆ ಬೀಳುವ ಮುನ್ನ

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಹಳೆಯ ಕಾರುಗಳ ಹರಾಜು. 1962ರ ಫೆರಾರಿ 250 ಜಿಟಿಒ 2018ರಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾದದ್ದು ಇಲ್ಲೇ. ನನಗಂತೂ ಹರಾಜಿಗಿಂತ ಅದಕ್ಕೆ ಮುಂಚಿನ ವೀಕ್ಷಣೆಯ ಹೊತ್ತೇ ಹೆಚ್ಚು ಪ್ರಿಯ. ಟಾರ್ಚ್ ಹಿಡಿದು ಕಾರಿನಡಿ ಬಗ್ಗುತ್ತೇನೆ: ತುಕ್ಕು ಹಿಡಿದಿದೆಯೇ, ಹೊಸ ವೆಲ್ಡಿಂಗ್ ಇದೆಯೇ, ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆಯೇ? ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ದಾಖಲೆಯೊಂದಿಗೆ ತಾಳೆ ನೋಡುತ್ತೇನೆ. ಮೂಲ ಎಂಜಿನ್ ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ, ಇದ್ದ ಸ್ಥಿತಿಯಲ್ಲೇ ಕೊಳ್ಳಬೇಕು. ಎಷ್ಟೋ ಕಾರುಗಳಿಗೆ ಮಾಲೀಕರು ಗುಟ್ಟಾಗಿ ಕನಿಷ್ಠ ಬೆಲೆ ಇಟ್ಟಿರುತ್ತಾರೆ. ಕೂಗು ಅಲ್ಲಿಗೆ ಮುಟ್ಟದಿದ್ದರೆ ಮಾರಾಟವಿಲ್ಲ. ಗೆದ್ದವರು ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಗೆ ಸುಮಾರು ಶೇ. 10ರಿಂದ 12 ಕಮಿಷನ್ ಕಟ್ಟಬೇಕು. ತೆರಿಗೆ, ಸಾಗಣೆ ಬೇರೆ. ಇದನ್ನೆಲ್ಲ ಕೂಡಿಸಿ ಮನೆಯಲ್ಲೇ ಒಂದು ಮಿತಿ ಬರೆದಿಟ್ಟುಕೊಂಡು ಹೋಗಿ. ಅದು ದಾಟಿದ ಮೇಲೆ ದಯವಿಟ್ಟು ಕೈ ಎತ್ತಬೇಡಿ.